ಉಪ್ಪಿಲ್ಲದ ಪುಡಿ

ವಾಂಗೀಬಾತ್ ಪುಡಿಯನ್ನು ಒಂದು ಚಿಟಿಕೆ ತೆಗೆದು ಹಾಗೇ ನಾಲಿಗೆಗೆ ಹಾಕಿಕೊಂಡರೆ ಯಾರಿಗೂ ಹಿತವಾಗುವುದಿಲ್ಲ. ಮೊದಲು ಬೇಳೆಯ ಒಣ ತರಿ ಹಲ್ಲಿಗೆ ಸಿಗುತ್ತದೆ, ಆಮೇಲೆ ಚಕ್ಕೆಯ ಒಗರು, ಲವಂಗದ ಚುರುಕು, ಕೊನೆಗೆ ಮೆಣಸಿನಕಾಯಿ ಗಂಟಲಿಗೆ ಹತ್ತಿ ಕೆಮ್ಮು. ಅದೇ ಪುಡಿ ಬದನೆಕಾಯಿಯ ಜೊತೆ ಎಣ್ಣೆಯಲ್ಲಿ ಒಂದು ನಿಮಿಷ ಬಾಡಿ, ಹುಣಸೆರಸ ಕುಡಿದು, ಉದುರುದುರಾದ ಅನ್ನಕ್ಕೆ ಸೇರಿತೆಂದರೆ ‘ಏನ್ರೀ, ಇವತ್ತು ವಾಂಗೀಬಾತಾ?’ ಎಂದು ಪಕ್ಕದ ಮನೆಯವರು ಕಿಟಕಿಯಿಂದಲೇ ಕೇಳುತ್ತಾರೆ.

ಪುಡಿಗೆ ಏನೇನು ಹಾಕುತ್ತೀರಿ ಎಂದು ಎಲ್ಲರೂ ವಿಚಾರಿಸುತ್ತಾರೆ. ಏನನ್ನು ಹಾಕುವುದಿಲ್ಲ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಉಪ್ಪು ಹಾಕುವುದಿಲ್ಲ. ಹುಣಸೆಹಣ್ಣು ಹಾಕುವುದಿಲ್ಲ. ಬೆಲ್ಲವನ್ನಂತೂ ಹಾಕುವುದೇ ಇಲ್ಲ. ಷಡ್ರಸಗಳ ಲೆಕ್ಕ ಹಿಡಿದರೆ ವಿಚಿತ್ರವಾದದ್ದು ಕಾಣುತ್ತದೆ: ಖಾರ, ಕಹಿ, ಒಗರು ಈ ಮೂರು ಪುಡಿಯೊಳಗಿವೆ, ಸಿಹಿ, ಹುಳಿ, ಉಪ್ಪು ಈ ಮೂರು ಹೊರಗಿವೆ. ಸರಿಯಾಗಿ ಅರ್ಧಕ್ಕರ್ಧ. ಆಯುರ್ವೇದವೂ ಆರು ರಸಗಳನ್ನು ಹೀಗೇ ಎರಡು ಪಾಲು ಮಾಡುತ್ತದೆ, ಸಿಹಿ ಹುಳಿ ಉಪ್ಪು ವಾತವನ್ನು ಇಳಿಸುವಂಥವು, ಖಾರ ಕಹಿ ಒಗರು ಕಫವನ್ನು ಇಳಿಸುವಂಥವು ಎಂದು. ನಮ್ಮ ಅಜ್ಜಿಯರು ಅದನ್ನು ಓದಿಕೊಂಡು ಪುಡಿ ಮಾಡಿದರು ಎಂದು ನಾನು ಹೇಳಹೊರಟಿಲ್ಲ. ಹಾಗೆ ಹೇಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ನನ್ನ ಕುತೂಹಲ ಬೇರೆ. ಹೊರಗೆ ಉಳಿದ ಮೂರೂ ಮಗುವಿನ ನಾಲಿಗೆಗೂ ಸುಲಭವಾಗಿ ತಿಳಿಯುವ ರುಚಿಗಳು. ಊಟಕ್ಕೆ ಕೂತವರು ಮೊದಲು ಗಮನಿಸುವುದೂ ಅವನ್ನೇ. ಉಪ್ಪು ಕಮ್ಮಿ, ಹುಳಿ ಮುಂದು ಎನ್ನುತ್ತಾರೆಯೇ ಹೊರತು ಧನಿಯ ಕಮ್ಮಿ ಎಂದು ಎಲೆಯ ಮುಂದೆ ಕೂತವರು ಹೇಳಿದ್ದುಂಟೇ? ಅಷ್ಟು ಮುಖ್ಯವಾದವನ್ನೇ ಬಿಟ್ಟು, ಇಷ್ಟು ಶ್ರಮಪಟ್ಟು ಮಾಡುವುದು ಏನನ್ನು?

ಮೇಲುನೋಟದ ಕಾರಣ ಸರಳ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಪುಡಿ ಗಂಟು ಕಟ್ಟುತ್ತದೆ. ಹುಣಸೆ, ಬೆಲ್ಲ ಎರಡೂ ಜಿಗುಟು. ಆದರೆ ಬಾಳಿಕೆಯೊಂದೇ ಕಾರಣವಾಗಿದ್ದರೆ ದಾರಿಗಳಿದ್ದವು. ಉಪ್ಪನ್ನು ಬಾಣಲೆಯಲ್ಲಿ ಹುರಿದು, ಹುಣಸೆಯನ್ನು ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ ಚಟ್ನಿಪುಡಿಗೆ ಹಾಕುತ್ತೇವಲ್ಲ, ಅದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಆದ್ದರಿಂದ ವಾಂಗೀಬಾತ್ ಪುಡಿಯಲ್ಲಿ ಉಪ್ಪು ಹುಳಿ ಇಲ್ಲದಿರುವುದಕ್ಕೆ ಇನ್ನೂ ಏನೋ ಇರಬೇಕು.

ಪುಡಿ ಮಾಡುವ ದಿನ ಬದನೆಕಾಯಿ ಎದುರಿಗಿರುವುದಿಲ್ಲ, ಅನ್ನ ಇರುವುದಿಲ್ಲ, ಉಣ್ಣುವವರೂ ಇರುವುದಿಲ್ಲ. ಮೈಸೂರಿನ ಈರನಗೆರೆ ಬದನೆ ಸಿಕ್ಕರೆ ಒಂದು ಲೆಕ್ಕ, ಬೀಜ ಬಲಿತ ನೇರಳೆ ಬದನೆ ಸಿಕ್ಕರೆ ಇನ್ನೊಂದು ಲೆಕ್ಕ. ಹೊಸ ಹುಣಸೆಹಣ್ಣಿನ ಹುಳಿ ಹರಿತ. ವರ್ಷ ಕಳೆದು ಕಪ್ಪಾದ ಹಣ್ಣಿನದು ಗಾಢ, ಆದರೆ ಮೆತ್ತಗೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆ ಅಕ್ಕಿ ಬಿಡಿಬಿಡಿಯಾಗಿ ಪುಡಿಯನ್ನು ಮೈಗೆ ಹಚ್ಚಿಕೊಳ್ಳುತ್ತದೆ. ಊಟಕ್ಕೆ ಬರುವವರಲ್ಲಿ ರಕ್ತದೊತ್ತಡದವರು ಎಷ್ಟು ಜನ, ಬಾಣಂತಿ ಇದ್ದಾಳೋ ಇಲ್ಲವೋ, ಮಕ್ಕಳೆಷ್ಟು, ಇದೊಂದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಪುಡಿಯೊಳಗೆ ತುಂಬಿ ಮುಚ್ಚಳ ಹಾಕಿದರೆ ಆಮೇಲೆ ತೆಗೆಯಲಾಗುವುದಿಲ್ಲ. ಪುಡಿ ಮಾಡುವ ವಿದ್ಯೆ ಎಂದರೆ ಯಾವುದನ್ನು ಇವತ್ತೇ ತೀರ್ಮಾನಿಸಬಹುದು, ಯಾವುದನ್ನು ಆ ದಿನಕ್ಕೆ ಬಿಡಬೇಕು ಎಂದು ಬೇರ್ಪಡಿಸುವ ವಿದ್ಯೆ ಎಂದು ನನಗೆ ಅನ್ನಿಸತೊಡಗಿರುವುದು ಇದರಿಂದ.

ಇವತ್ತೇ ತೀರ್ಮಾನವಾಗುವುದು ಬಾಣಲೆಯಲ್ಲಿ. ನಮ್ಮಲ್ಲಿ ನಡೆದು ಬಂದ ಅಳತೆ ಇದು: ಕಡಲೆಬೇಳೆ ಅರ್ಧ ಪಾವು, ಉದ್ದಿನಬೇಳೆ ಅದರರ್ಧ, ಧನಿಯ ಅರ್ಧ ಪಾವು, ಬ್ಯಾಡಗಿ ಮೆಣಸಿನಕಾಯಿ 30ರಷ್ಟು, ಖಾರಕ್ಕೆ ಗುಂಟೂರು ನಾಲ್ಕೈದು, ಬೆರಳುದ್ದದ ಚಕ್ಕೆ ಮೂರು ನಾಲ್ಕು, ಲವಂಗ 10, ಮರಾಠಿ ಮೊಗ್ಗು ನಾಲ್ಕು, ಮೆಂತ್ಯ ಅರ್ಧ ಚಮಚ, ಇಂಗು. ಅಳತೆ ಹೇಳಿದ ಮಾತ್ರಕ್ಕೆ ಪುಡಿ ಬಂದುಬಿಡುವುದಿಲ್ಲ. ಒಂದೊಂದಕ್ಕೂ ಅದರದೇ ಉರಿ. ಕಡಲೆಬೇಳೆ ಕಾಯುವುದಕ್ಕೇ ಹೊತ್ತು ತೆಗೆದುಕೊಳ್ಳುತ್ತದೆ. ಬಹಳ ಹೊತ್ತು ಏನೂ ಆಗಲಿಲ್ಲವೆಂಬಂತೆ ಹಳದಿಯಾಗಿಯೇ ಇದ್ದು, ಆಮೇಲೆ ಒಮ್ಮೆಲೇ ಕೆಂಪಿಗೆ ತಿರುಗುತ್ತದೆ. ಮೆಂತ್ಯಕ್ಕೆ ಅಷ್ಟು ತಾಳ್ಮೆಯಿಲ್ಲ. ಕ್ಷಣ ಹೆಚ್ಚಾದರೆ ಇಡೀ ಡಬ್ಬ ಕಹಿ. ಧನಿಯದ ಹದ ಕಣ್ಣಿಗೆ ತಿಳಿಯುವುದೇ ಇಲ್ಲ, ಬಣ್ಣ ಅಷ್ಟೇನೂ ಬದಲಾಗುವುದಿಲ್ಲ. ಅದನ್ನು ಮೂಗಿನಲ್ಲೇ ಹಿಡಿಯಬೇಕು: ಹಸಿ ಕಾಳಿನ ಹುಲ್ಲುವಾಸನೆ ಹೋಗಿ ಕಿತ್ತಳೆ ಸಿಪ್ಪೆಯ ಹತ್ತಿರದ ಒಂದು ಘಮ ಬರುವ ಹೊತ್ತು. ಧನಿಯದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿನಲೂಲ್ ಎಂಬ ಹಾರಿಹೋಗುವ ವಸ್ತು. ಅದು ಹೊರಗೆ ಬರಬೇಕು, ಪೂರ್ತಿ ಹಾರಿಹೋಗಬಾರದು. ಬೇಳೆ ಕೆಂಪಗಾಗುವ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಮಯ್ಯಾರ್ ಎಂಬ ವಿಜ್ಞಾನಿ ವಿವರಿಸಿದ, ಪ್ರೋಟೀನಿನ ಅಂಶವೂ ಸಕ್ಕರೆಯ ಅಂಶವೂ ಕಾವಿನಲ್ಲಿ ಕೂಡಿ ಹೊಸ ಪರಿಮಳಗಳಾಗುತ್ತವೆ ಎಂದು. ಹುರಿಯುವ ಮೊದಲು ಆ ಪರಿಮಳ ಬೇಳೆಯಲ್ಲಿ ಇರಲೇ ಇಲ್ಲ. ಧನಿಯದ ಘಮ ಮಾತ್ರ ಒಳಗೇ ಇದ್ದದ್ದು. ಒಂದೇ ಬಾಣಲೆಯಲ್ಲಿ ಒಂದು ಕಡೆ ಅಡಗಿದ್ದದ್ದು ಹೊರಬರುತ್ತದೆ, ಇನ್ನೊಂದು ಕಡೆ ಇಲ್ಲದ್ದು ಹುಟ್ಟುತ್ತದೆ; ಸೌಟು ಆಡಿಸುವ ಕೈಗೆ ಎರಡೂ ಒಂದೇ ಕೆಲಸ.

ಇನ್ನೊಂದು ಸೂಕ್ಷ್ಮ, ಹೇಳಿಕೊಡುವವರು ಸಾಮಾನ್ಯವಾಗಿ ಮರೆಯುವಂಥದ್ದು. ಒಲೆ ಆರಿಸಿದ ಮೇಲೂ ಕಬ್ಬಿಣದ ಬಾಣಲೆ ಹುರಿಯುತ್ತಲೇ ಇರುತ್ತದೆ. ಅದಕ್ಕೇ ಹದ ಬಂದಾಗ ಇಳಿಸಿದರೆ ತಡವಾಯಿತು. ಇನ್ನೇನು ಬರುತ್ತದೆ ಎನ್ನುವಾಗ ಇಳಿಸಿ ಮೊರಕ್ಕೋ ಅಗಲ ತಟ್ಟೆಗೋ ಸುರಿಯಬೇಕು. ಬೇಳೆಗೆ ಅದರ ಕೊನೆಯ ಬಣ್ಣ ಬರುವುದು ನಮ್ಮ ಕೈ ಬಿಟ್ಟ ಮೇಲೆ, ತಟ್ಟೆಯಲ್ಲಿ. ಪುಡಿಯ ಕೆಲಸದ ಉದ್ದಕ್ಕೂ ಇದೇ ಕಥೆ. ರುಚಿ ನೋಡುವಂತಿಲ್ಲ, ನೋಡಿದರೂ ಅದು ಹೇಳುವುದು ಸುಳ್ಳು. ಸಾರಿಗೆ ಸೌಟದ್ದಿ ಅಂಗೈಗೆ ಹಾಕಿಕೊಂಡು ನೆಕ್ಕಿದರೆ ಸಾರು ತನ್ನ ವಿಷಯವನ್ನು ತಾನೇ ಹೇಳುತ್ತದೆ. ಪುಡಿ ಹೇಳುವುದಿಲ್ಲ. ಎದುರಿಗಿಲ್ಲದ ಊಟವನ್ನು ಮನಸ್ಸಿನಲ್ಲಿ ಉಂಡು, ಆ ರುಚಿಗೆ ಸರಿಯಾಗಿ ಈಗ ಲವಂಗ ಎಣಿಸಬೇಕು.

ಮನೆಪುಡಿ ಎಂದು ನಾವು ಹೆಮ್ಮೆಯಿಂದ ಕರೆಯುವುದರ ಮನೆತನ ಎಷ್ಟು ಎಂಬುದೂ ಯೋಚಿಸಬೇಕಾದ್ದೇ. ಜಾಸ್ತಿ ಮಾಡುವಾಗ ಮಿಕ್ಸಿ ಸಾಲುವುದಿಲ್ಲ, ಮಿಲ್ಲಿಗೆ ಕೊಂಡೊಯ್ಯುತ್ತೇವೆ. ರಾಗಿ, ಗೋಧಿ ಬೀಸುವ ಯಂತ್ರ ಒಂದು, ಖಾರದ ಪುಡಿಯ ಯಂತ್ರ ಇನ್ನೊಂದು. ಮಿಲ್ಲಿನವರು ಡಬ್ಬದ ಮುಚ್ಚಳ ತೆಗೆದು ಒಂದು ಮೆಣಸಿನಕಾಯಿ ಮುರಿದು ನೋಡುತ್ತಾರೆ.

‘ಬಿಸಿಲಿಗೆ ಇಟ್ಟಿದ್ರೇನಮ್ಮಾ? ಇದಿನ್ನೂ ಬಳುಕುತ್ತೆ.’

‘ಇಟ್ಟಿದ್ದೆ ಕಣಪ್ಪಾ, ಮೋಡ ಆಯ್ತು. ಬಾಣಲೇಲಿ ಬೆಚ್ಚಗೆ ಮಾಡ್ಕೊಂಡೇ ತಂದಿದೀನಿ.’

‘ಸರಿ ಬಿಡಿ. ನಿಮ್ಮ ಮುಂಚೆ ಸಾಂಬಾರ್ ಪುಡಿ ಆಗಿದೆ, ಪರವಾಗಿಲ್ವಾ?’

ಪರವಾಗಿಲ್ಲ ಎನ್ನಲೇಬೇಕು. ನಮಗಿಂತ ಮುಂಚೆ ಬಂದವರ ಪುಡಿ ಒಂದು ಹಿಡಿಯಷ್ಟು ಯಂತ್ರದ ಹೊಟ್ಟೆಯಲ್ಲಿ ಉಳಿದಿರುತ್ತದೆ, ಅದು ನಮ್ಮದರೊಳಗೆ ಬರುತ್ತದೆ. ನಮ್ಮದೊಂದು ಹಿಡಿ ಅಲ್ಲೇ ಉಳಿದು ನಮ್ಮ ಹಿಂದೆ ನಿಂತವರ ಮನೆ ಸೇರುತ್ತದೆ. ಮಡಿಯ ಮನೆಗಳವರು ಇದಕ್ಕೆ ಹೆದರಿಯೇ ಒರಳಲ್ಲಿ ಕುಟ್ಟುತ್ತಿದ್ದರು. ನನಗೇನೋ ಈ ಬೆರಕೆ ಇಷ್ಟ. ಬೀದಿಯೊಂದರ ಪುಡಿಗಳೆಲ್ಲ ಒಂದಕ್ಕೊಂದು ಸ್ವಲ್ಪ ಸಾಲಗಾರರು.

ಸಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ಮೆಣಸಿನಕಾಯಿ ನಮ್ಮ ನೆಲಕ್ಕೆ ಬಂದದ್ದು 16ನೆಯ ಶತಮಾನದಲ್ಲಿ, ಪೋರ್ಚುಗೀಸರ ಹಡಗುಗಳಲ್ಲಿ. ಹುಟ್ಟೂರು ಅಮೆರಿಕ ಖಂಡ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು, ಸುಕ್ಕು ಸುಕ್ಕಾದ ಮೈ. ಬಂದ ಅತಿಥಿ ಊರಿನ ಹೆಸರನ್ನೇ ಹೊತ್ತುಕೊಳ್ಳುವಷ್ಟು ಒಗ್ಗಿಹೋಯಿತು. ಲವಂಗದ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳು. ಅಂಗಡಿಯಲ್ಲಿ ಚಕ್ಕೆ ಎಂದು ಕೊಡುವ ದಪ್ಪ ತೊಗಟೆ ಹೆಚ್ಚಿನ ಸಲ ಸಿಂಹಳದ ನಿಜವಾದ ದಾಲ್ಚಿನ್ನಿಯಲ್ಲ, ಅದರ ದಾಯಾದಿ ಕ್ಯಾಸಿಯಾ. ಮರಾಠಿ ಮೊಗ್ಗು ಬೂರುಗದ ಜಾತಿಯ ಮರದ್ದು. ನಾನು ಪುಡಿಗೆ ಕೈ ಹಾಕುವ ಹೊತ್ತಿಗೆ ನಾನು ಕಾಣದವರು ಎಷ್ಟೋ ತೀರ್ಮಾನಗಳನ್ನು ಆಗಲೇ ಮಾಡಿ ಮುಗಿಸಿದ್ದಾರೆ.

ಮೊದಲೇ ತೀರ್ಮಾನಿಸುವುದಕ್ಕೂ ಆ ದಿನಕ್ಕೆ ಬಿಡುವುದಕ್ಕೂ ನಡುವಿನ ಗೆರೆಯನ್ನು ಅನ್ನ ಉಣ್ಣುವ ಬೇರೆ ನಾಡುಗಳು ಬೇರೆ ಬೇರೆ ಕಡೆ ಎಳೆದಿವೆ. ಇಂಡೋನೇಷ್ಯಾದ ಅಡುಗೆಮನೆಯಲ್ಲಿ ಮಸಾಲೆ ಎಂದರೆ ಬಹುಮಟ್ಟಿಗೆ ಹಸಿ: ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸಿ ಅರಿಸಿನದ ಕೊಂಬು, ಮೆಣಸಿನಕಾಯಿ. ಅಗಲವಾದ ಕಲ್ಲಿನ ಮೇಲೆ ಆ ಹೊತ್ತಿಗೆ ಬೇಕಾದಷ್ಟನ್ನು ಅರೆದು ‘ಬುಂಬು’ ಮಾಡಿಕೊಳ್ಳುತ್ತಾರೆ. ಹಳದಿ ಅನ್ನವಾದ ನಾಸಿ ಕುನಿಂಗ್‌ಗೆ ತೆಂಗಿನ ಹಾಲು, ಮಜ್ಜಿಗೆಹುಲ್ಲು ಸೇರುತ್ತವೆ. ಹಿಂದಿನ ದಿನಕ್ಕೆ ಅಲ್ಲಿ ಅಷ್ಟೇನೂ ಕೆಲಸವಿಲ್ಲ. ವರ್ಷವಿಡೀ ಹಸಿರು ಸಿಗುವ, ಒಣಗಿಸಿಡುವುದೇ ಕಷ್ಟವಾದ ತೇವದ ನಾಡಿಗೆ ಅದೇ ಸಹಜ. ಬೇಸಿಗೆಯಲ್ಲಿ ತಾರಸಿಯ ಮೇಲೆ ಮೆಣಸಿನಕಾಯಿ ಹರಡಿದರೆ ಎರಡು ಬಿಸಿಲಿಗೆ ಗಲಗಲ ಎನ್ನುವ ನಮ್ಮ ಬಯಲುಸೀಮೆಗೆ ಪುಡಿ ಸಹಜ.

ಜಪಾನು ಮಾಡಿದ್ದು ಮತ್ತೊಂದು. ಅಲ್ಲಿ ಬಿಸಿ ಅನ್ನದ ಮೇಲೆ ಉದುರಿಸಿಕೊಳ್ಳುವ ‘ಫುರಿಕಾಕೆ’ ಎಂಬ ಪುಡಿಯಿದೆ. ಅದರ ಮೂಲಗಳಲ್ಲಿ ಹೆಸರಾದದ್ದು ಕುಮಾಮೊಟೊ ಪ್ರಾಂತ್ಯದ ಔಷಧಿಕಾರ ಯೋಶಿಮಾರು ಸುಯೆಕಿಚಿ ತೈಶೋ ಕಾಲದಲ್ಲಿ, ಎಂದರೆ 1912 ಮತ್ತು 1926ರ ನಡುವೆ, ಮಾಡಿದ್ದು: ಜನರಿಗೆ ಸುಣ್ಣದ ಅಂಶ ಸಾಲದೆಂದು ಮೀನಿನ ಮುಳ್ಳನ್ನು ಪುಡಿ ಮಾಡಿ, ಎಳ್ಳು, ಗಸಗಸೆ, ಕಡಲಪಾಚಿ ಬೆರೆಸಿದ. ಅದರಲ್ಲಿ ಉಪ್ಪು ಇದೆ, ರುಚಿ ಮುಗಿದಿದೆ. ಉಳಿದದ್ದು ಎಷ್ಟು ಉದುರಿಸಿಕೊಳ್ಳಬೇಕು ಎಂಬುದೊಂದೇ, ಅದು ಉಣ್ಣುವವನದು. ನಮ್ಮ ಚಟ್ನಿಪುಡಿ, ಮೆಂತ್ಯದ ಹಿಟ್ಟು ಈ ಕುಲದವು, ಬಿಸಿ ಅನ್ನ, ಮೇಲೊಂದು ಮಿಳ್ಳೆ ತುಪ್ಪ, ಅಡುಗೆಯವರ ಹಂಗಿಲ್ಲ. ಜಪಾನಿನದೇ ಏಳು ಮಸಾಲೆಗಳ ‘ಶಿಚಿಮಿ’ ನನ್ನ ಮೆಚ್ಚಿನದು. 1625ರಲ್ಲಿ ಎದೋ ನಗರದ, ಎಂದರೆ ಇಂದಿನ ಟೋಕಿಯೊದ, ಔಷಧಿ ಮಾರುವವರ ಬೀದಿಯಲ್ಲಿ ಶುರುವಾದ ಯಾಗೆನ್‌ಬೋರಿ ಅಂಗಡಿ ಈಗಲೂ ಇದೆ. ಕೊಳ್ಳುವವರು ‘ಖಾರ ಕಮ್ಮಿ ಇರಲಿ’ ಎಂದರೆ ಎದುರಿಗೇ ಹಾಗೆ ಬೆರೆಸಿ ಕೊಡುತ್ತಾರೆ. ನೂಡಲ್ಸಿಗೆ, ಅನ್ನದ ಬೋಗುಣಿಗಳಿಗೆ ಅದನ್ನು ಚಿಮುಕಿಸುತ್ತಾರೆ. ಮಾಡುವವರೂ ಉಣ್ಣುವವರೂ ಎದುರುಬದುರು ನಿಂತು ಪುಡಿಯನ್ನು ತೀರ್ಮಾನಿಸುವುದು ನಮ್ಮಲ್ಲಿ ಎಲ್ಲಿಯೂ ನಾನು ಕಂಡಿಲ್ಲ.

ಪುಳಿಯೋಗರೆ ಇನ್ನೊಂದು ತುದಿ. ಮೇಲುಕೋಟೆಯ ಹೆಸರು ಹೇಳಿದರೆ ಚೆಲುವನಾರಾಯಣನ ಹಿಂದೆಯೇ ನೆನಪಾಗುವ ಆ ಗೊಜ್ಜಿನಲ್ಲಿ ಹುಣಸೆ, ಬೆಲ್ಲ, ಉಪ್ಪು, ಎಣ್ಣೆ, ಎಳ್ಳು ಮೆಣಸುಗಳ ಪುಡಿ ಎಲ್ಲವೂ ಸೇರಿ, ಎಣ್ಣೆ ಬಿಡುವವರೆಗೆ ಕುದಿಯುತ್ತವೆ. ಆರು ರಸವೂ ಒಂದೇ ಪಾತ್ರೆಯಲ್ಲಿ, ಆ ದಿನಕ್ಕೆ ಬಿಟ್ಟದ್ದು ಏನೂ ಇಲ್ಲ, ಅನ್ನವೊಂದನ್ನು ಬಿಟ್ಟು. ಹುಳಿ, ಉಪ್ಪು, ಎಣ್ಣೆ ಸೇರಿದ್ದರಿಂದ ವಾರಗಟ್ಟಲೆ ಕೆಡುವುದೂ ಇಲ್ಲ. ತರಕಾರಿಯ ಹಂಗಿಲ್ಲದ ಅನ್ನವಾದ್ದರಿಂದ ಇದು ಸಾಧ್ಯ ಎಂದು ನನ್ನ ಊಹೆ. ಬದನೆಕಾಯಿ ಬಂದ ಕೂಡಲೇ ನಾಳೆಯ ಮೇಲೆ ಅಷ್ಟು ಧೈರ್ಯ ಸಾಲುವುದಿಲ್ಲ.

ಅಂಗಡಿಯ ಪೊಟ್ಟಣದ ವಿಷಯದಲ್ಲಿ ಸಿಟ್ಟು ಮಾಡುವುದು ಸುಲಭ. ಬೆಂಗಳೂರಿನಲ್ಲಿ 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ಬಾಗಿ ಶುರುವಾದ ಎಂಟಿಆರ್, ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿ ವ್ಯಾಪಾರ ಕಷ್ಟವಾದಾಗ ಪುಡಿ, ಮಿಕ್ಸ್‌ಗಳ ಕಡೆ ಹೊರಳಿತು. ಆ ಪುಡಿಗಳ ಉದ್ಯಮ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಕೈಗೆ ಹೋಯಿತು. ಇದನ್ನು ಅವನತಿಯ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮನೆಪುಡಿಯನ್ನು ಹಾಡಿ ಹೊಗಳುವವರಲ್ಲಿ ಹುರಿಯದವರೇ ಹೆಚ್ಚು. ಮೆಣಸಿನಕಾಯಿಯ ಘಾಟಿಗೆ ಕಣ್ಣು ಮೂಗು ಸುರಿಸಿಕೊಂಡು, ಮನೆಮಂದಿಯ ‘ಕಿಟಕಿ ತೆಗೀಬಾರ್ದಾ’ ಎಂಬ ಬೈಗುಳ ಕೇಳಿಕೊಂಡು ಮಧ್ಯಾಹ್ನಗಳನ್ನು ಕಳೆದ ಹೆಂಗಸರಿಗೆ ಪೊಟ್ಟಣ ಎಂಥ ಬಿಡುಗಡೆ ಎಂದು ಅವರನ್ನೇ ಕೇಳಬೇಕು. ಬರೀ ಮಸಾಲೆಪುಡಿಯ ಪೊಟ್ಟಣದ ಜೊತೆ ನನಗೆ ಜಗಳವಿಲ್ಲ. ಅದೂ ಉಪ್ಪು ಹುಳಿಯನ್ನು ನಮಗೇ ಬಿಡುತ್ತದೆ. ನನಗೆ ಇರಿಸುಮುರಿಸಾಗುವುದು ಬಿಸಿನೀರು ಸುರಿದರೆ ಸಾಕು ಎನ್ನುವ ಡಬ್ಬಿಯ ಮುಂದೆ. ರುಚಿ ಕೆಟ್ಟದ್ದೆಂದಲ್ಲ, ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಆದರೆ ಅದರ ಮುಂದೆ ನಿಂತವರಿಗೆ ಹೇಳಲು ಮಾತೇ ಉಳಿದಿರುವುದಿಲ್ಲ.

ಅಮೆರಿಕದಲ್ಲಿರುವ ಮಗಳಿಗೆ ಪುಡಿ ಕಟ್ಟಿಕೊಡುವ ತಾಯಂದಿರನ್ನು ನೋಡಿ. ಜಿಪ್ ಚೀಲದೊಳಗೆ ಚೀಲ, ಅದರ ಮೇಲೆ ಟೇಪು, ಟೇಪಿನ ಮೇಲೆ ಹೆಸರು. ಅಲ್ಲಿಯ ಬದನೆಕಾಯಿ ತಲೆಯಷ್ಟು ದಪ್ಪ, ಬೆಂದರೆ ನೀರು ಬಿಡುತ್ತದೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಾಳೆ. ಹುಣಸೆ ಸೀಸೆಯಲ್ಲಿ ಸಿಗುವ ರಸ. ಅಕ್ಕಿ ಒಮ್ಮೆ ಸೋನಾ, ಒಮ್ಮೆ ಬಾಸ್ಮತಿ. ತಾಯಿಗೆ ಇದೊಂದೂ ಕಣ್ಣಳತೆಗೆ ಸಿಗುವುದಿಲ್ಲ. ಅವಳ ಕೈಲಾದದ್ದೆಂದರೆ ನೀರು ಹೀರಿಕೊಳ್ಳಲೆಂದು ಕಡಲೆಬೇಳೆ ಒಂದು ಹಿಡಿ ಮುಂದೆ ಹಾಕುವುದು, ಮೊಮ್ಮಗುವಿಗೆಂದು ಗುಂಟೂರನ್ನು ಬಿಡುವುದು. ಉಪ್ಪಿನ ಅಳತೆಯನ್ನು ಅವಳು ಹೇಳುವುದಿಲ್ಲ. ಕೇಳಿದರೆ ‘ನೋಡ್ಕೊಂಡು ಹಾಕ್ಕೋ’ ಎನ್ನುತ್ತಾಳೆ. ಗುಟ್ಟು ಬಿಟ್ಟುಕೊಡದ ಜಿಪುಣತನವೋ ಹೇಳಲಾರದ ಸೋಮಾರಿತನವೋ ಎಂದು ಮಗಳಿಗೆ ರೇಗುತ್ತದೆ. ಅದರಷ್ಟು ನಿಖರವಾದ ಸೂಚನೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪುಡಿ ಮಾಡಿದವಳು ಹೋಗಿಬಿಟ್ಟ ಮೇಲೂ ಪುಡಿ ಉಳಿದಿರುವುದುಂಟು. ಹದಿನೈದನೆಯ ದಿನವೋ ತಿಂಗಳೋ ಕಳೆದ ಮೇಲೆ ಯಾರೋ ಫ್ರಿಜ್ಜಿನ ಮೂಲೆಯಲ್ಲಿ ಡಬ್ಬ ಕಾಣುತ್ತಾರೆ. ಅದನ್ನು ಬಳಸಬೇಕೋ, ಇಟ್ಟುಕೊಳ್ಳಬೇಕೋ ಎಂದು ಅಕ್ಕತಂಗಿಯರಲ್ಲಿ ಮಾತಾಗುತ್ತದೆ. ಇಟ್ಟುಕೊಂಡರೆ ವಾಸನೆ ದಿನೇ ದಿನೇ ಇಳಿಯುತ್ತದೆ. ನೆನಪಿಗೆಂದು ಇಟ್ಟದ್ದರಲ್ಲಿ ನೆನಪಿಸುವಂಥದ್ದೇ ಮೊದಲು ಹಾರಿಹೋಗುತ್ತದೆ. ಅಡುಗೆ ಮಾಡಿದರೆ ಆ ದಿನದ ಬಾತಿನಲ್ಲಿ ಅವಳ ಚಕ್ಕೆ ಲವಂಗಗಳು ಇರುತ್ತವೆ, ಉಪ್ಪು ಹುಳಿ ಮಾತ್ರ ನಮ್ಮದಾಗಿರುತ್ತದೆ. ಬದುಕಿದ್ದಾಗಲೂ ಅದು ಹಾಗೇ ಇತ್ತು, ಗಮನಿಸಿರಲಿಲ್ಲ ಅಷ್ಟೇ. ಇಡೀ ಊಟವನ್ನು ಅವಳು ಎಂದೂ ತನ್ನದಾಗಿ ಮಾಡಿಕೊಂಡಿರಲಿಲ್ಲ. ಬಳಸುವ ಪಕ್ಷವೇ ನನ್ನದು.

ಎಷ್ಟು ದೂರದ ನಾಳೆಗೆ ಪುಡಿ ಮಾಡಬೇಕು ಎಂಬುದರಲ್ಲಿ ಮಾತ್ರ ಮನೆಮನೆಗೂ ಒಮ್ಮತವಿಲ್ಲ. ಕಾಳಿನ ಹೊಟ್ಟು ಒಡೆದ ಗಳಿಗೆಯಿಂದ ಪರಿಮಳ ಹಾರಲು ಶುರು. ಬಿಸಿ ಆರುವ ಮುನ್ನ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಆರಿಸಿ, ಒಣ ಡಬ್ಬಕ್ಕೆ ಒತ್ತಿ ತುಂಬಿದರೆ ಮೂರು ತಿಂಗಳು ಧಾರಾಳ. ಆಮೇಲೆ ಒಂದು ಚಮಚದ ಕಡೆ ಒಂದೂವರೆ ಹಾಕಿ, ಒಗ್ಗರಣೆಗೆ ಎರಡು ಹೊಸ ಲವಂಗ ಬಿಟ್ಟು ಸುಧಾರಿಸುತ್ತೇವೆ. ಜಗಳ ಇರುವುದು ಕೊಬ್ಬರಿಯ ವಿಷಯದಲ್ಲಿ. ನಮ್ಮಲ್ಲಿ ಪುಡಿಗೆ ಕೊಬ್ಬರಿ ಸೇರಿಸುವುದಿಲ್ಲ. ಬಾತು ಮಾಡುವ ದಿನ ತುರಿದು, ಬೆಚ್ಚಗೆ ಮಾಡಿ ಹಾಕುತ್ತೇವೆ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಹುರಿದ ಕೊಬ್ಬರಿಯನ್ನು ಪುಡಿಯ ಜೊತೆಗೇ ಬೀಸುತ್ತಾರೆ. ಅದರ ಎಣ್ಣೆ ಬೇಗ ಕಮಟಾಗುತ್ತದೆ, ಒಂದು ತಿಂಗಳ ಮೇಲೆ ಇಡುವಂತಿಲ್ಲ ಎಂದು ನಾವು ಹೇಳುತ್ತೇವೆ. ಅವರು ಒಪ್ಪುತ್ತಾರೆ. ತಿಂಗಳೊಳಗೆ ಮುಗಿಯಲಿ ಎಂದೇ ಹಾಕುವುದು ಎನ್ನುತ್ತಾರೆ.